ಸರದಿ ಕಾಯಿಸುವ ಮಿದುಳು

ತುಮಕೂರು ರಸ್ತೆಯ ಮಾಕಳಿ ಎಂದರೆ ಹಲವರಿಗೆ ಮೊದಲು ನೆನಪಾಗುವುದು ಹಿಮಾಲಯ ಔಷಧ ಕಂಪನಿ. 1930ರಲ್ಲಿ ಡೆಹ್ರಾಡೂನ್‌ನಲ್ಲಿ ಹುಟ್ಟಿದ ಈ ಕಂಪನಿ 1934ರಲ್ಲಿ ಸರ್ಪಗಂಧದ ಬೇರಿನಿಂದ ‘ಸರ್ಪಿನಾ’ ಎಂಬ ರಕ್ತದೊತ್ತಡದ ಗುಳಿಗೆಯನ್ನು ಹೊರತಂದಿತು. ಅದೇ ಬೇರಿನಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿಗಳು ರೆಸರ್ಪಿನ್ ಬೇರ್ಪಡಿಸಿದರು. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಟ್ಟಾಗ ಅವು ಕಿವಿ ಇಳಿಬಿಟ್ಟು, ಅಲುಗಾಡದೆ ಕುಸಿದವು. ಮಿದುಳಿನ ಸಂದೇಶವಾಹಕ ರಾಸಾಯನಿಕವಾದ ಡೋಪಮೀನ್ ಆಗಿ ಮಾರ್ಪಡುವ ಎಲ್-ಡೋಪಾ ಕೊಟ್ಟ ಮೇಲೆ ಎದ್ದು ಓಡಾಡಿದವು. ಪಾರ್ಕಿನ್ಸನ್ ಚಿಕಿತ್ಸೆಗೆ ದಾರಿ ತೋರಿದ ಈ ಕೆಲಸಕ್ಕೆ 2000ದಲ್ಲಿ ನೊಬೆಲ್ ಬಂತು.

ಡೋಪಮೀನ್ ಬತ್ತಿದರೆ ಚಲನೆ ಹೊರಡುವುದೇ ಕಷ್ಟ ಎಂಬ ತಿಳಿವಳಿಕೆ ಅಲ್ಲಿಂದ ಗಟ್ಟಿಯಾಯಿತು. ಮಾಕಳಿಯಿಂದ ಪೀಣ್ಯ, ಯಶವಂತಪುರ ದಾಟಿ ಬಂದರೆ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದಲ್ಲಿ ಆದಿತ್ಯ ಮೂರ್ತಿ ಕೇಳುತ್ತ ಬಂದ ಪ್ರಶ್ನೆ ಇದರ ಮಗ್ಗುಲಿನದು. ಎರಡು ಚಲನೆಗಳು ಒಟ್ಟಿಗೆ ಸಿದ್ಧವಾದಾಗ ಒಂದನ್ನು ಮಿದುಳು ತಡೆದಿಟ್ಟುಕೊಳ್ಳುವುದು ಹೇಗೆ? ಅವರ ಸಂಶೋಧನೆಯ ಹೆಚ್ಚುಗಾರಿಕೆ ಈ ಪ್ರಶ್ನೆಯಲ್ಲೇ ಇದೆ.

ಅದಕ್ಕೆ ಅವರು ಆರಿಸಿಕೊಂಡದ್ದು ಕಣ್ಣನ್ನು. ಹೆದ್ದಾರಿ ದಾಟಲು ನಿಂತವನ ನೋಟ ಬರುತ್ತಿರುವ ಲಾರಿಗೆ, ಅಲ್ಲಿಂದ ಎದುರಿನ ಡಿವೈಡರ್‌ಗೆ ನೆಗೆಯುತ್ತದೆ. ಇಂಥ ನೆಗೆತಗಳು ಸೆಕೆಂಡಿಗೆ ಸುಮಾರು 3 ನಡೆಯುತ್ತವೆ. ಪ್ರಯೋಗಶಾಲೆಯಲ್ಲಿ ಪರದೆಯ ಮೇಲೆ ಒಂದು ಚುಕ್ಕೆ ಮೂಡುತ್ತದೆ. ಕಣ್ಣು ಅತ್ತ ಹೊರಡುವ ಮುಂಚೆಯೇ ಇನ್ನೊಂದು. ಎರಡನ್ನೂ ಬಂದ ಕ್ರಮದಲ್ಲೇ ನೋಡಬೇಕು. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೆಫ್ರಿ ಶಾಲ್ ಜೊತೆ ಈ ಬಗೆಯ ಪ್ರಯೋಗಗಳಲ್ಲಿ ತೊಡಗಿದ್ದ ಮೂರ್ತಿ, ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲೂ ಆಮೇಲೆ ಬೆಂಗಳೂರಿನಲ್ಲೂ ಅದನ್ನೇ ಬೆಳೆಸಿದರು. ಮೊದಲ ನೆಗೆತ ಮುಗಿಯುವ ಮುನ್ನವೇ ಎರಡನೆಯದರ ಯೋಜನೆ ಶುರುವಾಗಿರುತ್ತದೆ ಎಂಬುದು ಇವುಗಳಿಂದ ಸ್ಪಷ್ಟವಾಯಿತು.

ಹಾಗಾದರೆ ಎರಡೂ ಕಲಸಿಹೋಗುವುದಿಲ್ಲವೇಕೆ?

2013ರಲ್ಲಿ ಅವರ ತಂಡ ‘ಜರ್ನಲ್ ಆಫ್ ನ್ಯೂರೋಸೈನ್ಸ್’ನಲ್ಲಿ ಪ್ರಕಟಿಸಿದ ಲೇಖನ ಇದಕ್ಕೆ ಉತ್ತರ ಕೊಟ್ಟಿತು. ಅವರ ಕೆಲಸದಲ್ಲಿ ಅತ್ಯಂತ ತೂಕದ್ದು ಇದೇ. ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾದ ಒಂದು ಭಾಗವನ್ನು ಕೋತಿಗಳಲ್ಲಿ ಔಷಧದಿಂದ ತಾತ್ಕಾಲಿಕವಾಗಿ ಸುಮ್ಮನಾಗಿಸಿದರು; ಬೇಸಲ್ ಗ್ಯಾಂಗ್ಲಿಯಾದ ಕೆಲಸ ಸೊರಗಿರುವ ಪಾರ್ಕಿನ್ಸನ್ ರೋಗಿಗಳಿಗೂ ಅದೇ ಬಗೆಯ ಪರೀಕ್ಷೆ ಕೊಟ್ಟರು. ಎರಡೂ ಕಡೆ ತಪ್ಪುಗಳು ಒಂದೇ ತೆರನಾಗಿದ್ದವು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬಂತೆ ಕಣ್ಣು ಎಷ್ಟೋ ಸಲ ಎರಡು ಚುಕ್ಕೆಗಳ ನಡುವೆ ಹೋಗಿ ಬಿತ್ತು, ಇಲ್ಲವೇ ದಾರಿಯಲ್ಲಿ ಬಾಗಿತು, ಕೆಲವೊಮ್ಮೆ ಸರದಿಯೇ ತಪ್ಪಿತು. ಎರಡನೆಯ ಯೋಜನೆಯನ್ನು ಹಿಡಿದು ನಿಲ್ಲಿಸುವುದು ಬೇಸಲ್ ಗ್ಯಾಂಗ್ಲಿಯಾದ ಕೆಲಸ ಎಂದು ತಂಡ ನಿರ್ಣಯಿಸಿತು. ಪ್ರಾಣಿ ಮತ್ತು ರೋಗಿ, ಎರಡೂ ಸಾಕ್ಷ್ಯಗಳು ಒಂದನ್ನೊಂದು ಎತ್ತಿಹಿಡಿದುದರಿಂದ ಈ ವಾದ ಬರಿಯ ಊಹೆಯಾಗಿ ಉಳಿಯಲಿಲ್ಲ. ಪಾರ್ಕಿನ್ಸನ್ ಎಂದರೆ ಕೈನಡುಕ, ನಿಧಾನಗತಿ ಎಂದಷ್ಟೇ ಬಲ್ಲವರಿಗೆ ಅದು ಕ್ರಮ ಕಾಯುವ ಶಕ್ತಿಗೂ ಪೆಟ್ಟು ಕೊಡುತ್ತದೆ ಎಂದು ತೋರಿಸಿದ್ದು ದೊಡ್ಡ ಲಾಭ.

ಆಕ್ಷೇಪಕ್ಕೂ ಎಡೆಯಿದೆ. ಕಣ್ಣುಗುಡ್ಡೆಯನ್ನು ತಿರುಗಿಸುವುದು 6 ಸ್ನಾಯುಗಳು. ಅದು ಭಾರ ಎತ್ತುವುದಿಲ್ಲ, ಎಡವುವುದಿಲ್ಲ. ಪ್ರಯೋಗಕ್ಕೆ ಅದು ಅನುಕೂಲವಾಗಿರುವುದೂ ಅದಕ್ಕೇ. ಆದರೆ ಪೀಣ್ಯದ ಲೇತ್ ಮುಂದೆ ನಿಂತವರ ಕೈ ಕಬ್ಬಿಣದ ತೂಕದೊಡನೆ ಗುದ್ದಾಡಬೇಕು. ಚುಕ್ಕೆಗಳ ಪರದೆಯಲ್ಲಿ ಕಂಡ ನಿಯಮ ಆ ಕೈಗೂ ಒಪ್ಪುತ್ತದೆ ಎಂದು ಸುಮ್ಮನೆ ನಂಬಿಬಿಡುವುದು ಸರಿಯಲ್ಲ.

ಮೂರ್ತಿ ಈ ಮಿತಿಯೊಳಗೇ ಉಳಿಯಲಿಲ್ಲ ಎಂಬುದು ಅವರ ಕೆಲಸದ ಮೇಲೆ ಗೌರವ ಹೆಚ್ಚಿಸುತ್ತದೆ. ಕಣ್ಣಿಗಿಂತ ಕೈ ತಡವಾಗಿ ಹೊರಟರೂ, ಎರಡೂ ಹೊರಡುವ ಸಮಯದ ಏರುಪೇರು ಹೆಚ್ಚುಕಡಿಮೆ ಒಂದೇ ಎಂದು 2015ರಲ್ಲಿ ತೋರಿಸಿ, ಎರಡಕ್ಕೂ ಒಂದೇ ಆಜ್ಞೆ ಹೋಗಬಹುದು ಎಂದು ಅವರ ತಂಡ ವಾದಿಸಿತು. 2021ರ ಅಧ್ಯಯನ ಕತ್ತಿನ ಸ್ನಾಯುಗಳತ್ತ ಹೋಯಿತು: ನೋಟ ಹೊರಳಿಸುವ ಯೋಜನೆ ಮಿದುಳಿನಲ್ಲಿ ರೂಪುಗೊಳ್ಳುವಾಗಲೇ ಕತ್ತಿನ ಸ್ನಾಯುವಿನ ಸಣ್ಣ ಘಟಕಗಳು ಎಚ್ಚರಗೊಳ್ಳುತ್ತವೆ. ಅಂದರೆ ತಡೆ ಇರುವಾಗಲೂ ದೇಹ ಪೂರ್ತಿ ಸುಮ್ಮನಿರುವುದಿಲ್ಲ. ಮಿದುಳು ಮೊದಲು ಯೋಚಿಸಿ ಮುಗಿಸುತ್ತದೆ, ಸ್ನಾಯು ಆಮೇಲೆ ಚಲಿಸುತ್ತದೆ ಎಂಬ ಪಾಠಪುಸ್ತಕದ ಚಿತ್ರವನ್ನು ಇದು ಅಲುಗಾಡಿಸುತ್ತದೆ.

ಇನ್ನು ಬೇಕಿರುವುದು ಈ ತಿಳಿವು ರೋಗಿಯ ಮನೆ ಬಾಗಿಲಿಗೆ ಬರುವುದು. ಕಣ್ಣಿನ ಚಲನೆ ಅಳೆಯಲು ಸೂಜಿ ಬೇಡ, ಕ್ಯಾಮೆರಾ ಸಾಕು. ಔಷಧದ ಪ್ರಮಾಣ ಬದಲಾದಾಗ ಸರದಿ ಕಾಯುವ ಶಕ್ತಿ ಎಷ್ಟು ಮರಳಿತು ಎಂಬುದನ್ನು ನೆಲಮಂಗಲದಂಥ ತಾಲ್ಲೂಕು ಊರಿನ ಆಸ್ಪತ್ರೆಯಲ್ಲೂ ಅಳೆಯುವಂತಾಗಬೇಕು. ಎರಡು ಚುಕ್ಕೆಗಳ ಆ ಪರೀಕ್ಷೆ ಅದಕ್ಕೆ ಬೇಕಾದಷ್ಟು ಸರಳವಾಗಿದೆ.