‘ಸ್ವಯಂ’, ‘ವಂಶ’: ಎರಡು ವೈದ್ಯಪರಿಭಾಷೆಗಳ ವಿಮರ್ಶೆ

ಇಂದು ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಸ್ಥಾಪಿತವಾಯಿತು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದರು. ಅಂದಿನ ಪರಿಭಾಷೆಯ ಪ್ರಶ್ನೆಯನ್ನು ಈಚಿನ ವೈದ್ಯಬರಹಗಳ ಎರಡು ಶಬ್ದಗಳು ಮತ್ತೆ ಎತ್ತುತ್ತವೆ.

‘ಆಟೋಇಮ್ಯೂನ್’ ಎಂಬುದಕ್ಕೆ ‘ಸ್ವಯಂನಿರೋಧಕ’ವೆಂದು ಬರೆಯುವುದುಂಟು. ಸ್ವಯಂವರ, ಸ್ವಯಂಪಾಕ, ಸ್ವಯಂಸೇವಕ ಎಂಬಲ್ಲೆಲ್ಲ ‘ಸ್ವಯಂ’ ಎಂದರೆ ‘ತಾನೇ’ ಎಂದರ್ಥವೇ ಹೊರತು ‘ತನ್ನನ್ನು’ ಎಂದಲ್ಲ. ಆದಕಾರಣ, ದೇಹದ ರಕ್ಷಣಾಶಕ್ತಿಯು ತನ್ನ ಅಂಗಗಳನ್ನೇ ಪರಕೀಯವೆಂದು ಬಗೆದು ಘಾತಿಸುವ ವ್ಯಾಧಿಯು ಓದುಗನಿಗೆ ತಾನಾಗಿಯೇ ನಿಲ್ಲುವ ವ್ಯಾಧಿಯಂತೆ ತೋರುತ್ತದೆ! ‘ಸ್ವಘಾತಕ’ವೆಂಬುದು ಒರಟಾದರೂ ಅರ್ಥವು ಕೆಡದು.

ಎರಡನೆಯದು ಹೆಚ್ಚು ಅಪಾಯಕರ. ಜೀನಿಗೆ ‘ವಂಶವಾಹಿ’ ಎಂಬುದು ಸೊಗಸಾದ ಶಬ್ದ. ಆದರೆ ಈ ವ್ಯಾಧಿಗಳನ್ನು ‘ವಂಶಪಾರಂಪರ್ಯ ರೋಗ’ವೆಂದೊಡನೆ ಒಲವು ವಿಧಿಯಾಗಿಬಿಡುತ್ತದೆ. ಬೆನ್ನೆಲುಬು ಬಿಗಿಯುವ ಒಂದು ರೋಗಕ್ಕೂ ಎಚ್‌ಎಲ್‌ಎ-ಬಿ27 ಎಂಬ ಪ್ರಭೇದಕ್ಕೂ ಇರುವ ನಂಟು 1973ರಲ್ಲಿ ಪ್ರಕಟವಾಯಿತು. ಆ ಪ್ರಭೇದವುಳ್ಳವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಆ ರೋಗವನ್ನು ಕಾಣದೆಯೇ ಬಾಳುತ್ತಾರೆ. ಇದೇ ವರ್ಗಕ್ಕೆ ಸೇರಿದ ತೊನ್ನಿನ ವಿಷಯವೂ ಹೀಗೆಯೇ: ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿಯೂ ಒಬ್ಬರಿಗೆ ಬಂದುದು ಮತ್ತೊಬ್ಬರಿಗೆ ಬರಲೇಬೇಕೆಂಬ ನಿಯಮವಿಲ್ಲ. ತೊನ್ನು ಕುಷ್ಠವಲ್ಲ, ಅಂಟುವುದೂ ಅಲ್ಲ. ಆದರೂ ‘ಶ್ವೇತಕುಷ್ಠ’ವೆಂಬ ಹಳೆಯ ಹೆಸರಿನ ಕಳಂಕದಿಂದ ಕನ್ಯೆಯರ ವಿವಾಹಗಳು ಮುರಿದುಬಿದ್ದುದುಂಟು, ಅದರ ಮೇಲೆ ‘ವಂಶ’ವೆಂಬ ಶಾಸ್ತ್ರಮುದ್ರೆಯೂ ಬಿದ್ದರೆ ಅವರ ತಂಗಿಯರಿಗೂ ಬಿಡುಗಡೆಯಿಲ್ಲ. ‘ಆನುವಂಶಿಕ ಒಲವುಳ್ಳ ರೋಗ’ವೆಂದು ಒಂದು ಶಬ್ದವನ್ನು ಹೆಚ್ಚಿಸಿ ಬರೆಯುವುದು ಲೇಖಕರಿಗೆ ಭಾರವಾಗಲಾರದು.