ಬಸಪ್ಪ ಬಸ್ಯಾ ಆಗುವ ಹೊತ್ತು

ಹಲಗೇರಿ ಎಂಬ ಅಡ್ಡಹೆಸರಿನವರು ಹುಬ್ಬಳ್ಳಿಯಲ್ಲಿ ಸಿಕ್ಕಾರು, ಬೆಂಗಳೂರಿನಲ್ಲಿ ಸಿಕ್ಕಾರು. ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿಯೊಳಗೆ ಮಾತ್ರ ಆ ಹೆಸರಿಗೆ ಕೆಲಸವಿಲ್ಲ. ಎಲ್ಲರೂ ಹಲಗೇರಿಯವರೇ ಆಗಿರುವಾಗ ಅದರಿಂದ ಯಾರನ್ನು ಗುರುತಿಸುವುದು? ಊರಿನ ಹೆಸರು ಮನುಷ್ಯನಿಗೆ ಅಂಟುವುದು ಅವನು ಊರು ಬಿಟ್ಟ ಮೇಲೆ, ಅದೂ ಹೋಗಿ ಸೇರಿದ ಊರಿನವರ ಬಾಯಲ್ಲಿ. ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ಸವಣೂರಿನಲ್ಲಿ, ಹೆಸರಿನಲ್ಲಿರುವುದು ಗೋಕಾಕ. ಹಾವೇರಿ ತಾಲ್ಲೂಕಿನ ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿಯವರು ಕಾದಂಬರಿ ಬರೆಯುತ್ತ ಊರಿನ ಹೆಸರನ್ನೇ ತಮ್ಮದಾಗಿಸಿಕೊಂಡರು. ಊರಿಗೊಬ್ಬ ಕುಲಕರ್ಣಿ ಇದ್ದ ಕಾಲದಲ್ಲಿ ‘ಕುಲಕರ್ಣಿ’ ಎಂದರೆ ಓದುಗನಿಗೆ ಯಾರೆಂದು ತಿಳಿಯಬೇಕು? ಬ್ಯಾಡಗಿ ಮೆಣಸಿನಕಾಯಿಯದೂ ಇದೇ ಕಥೆ. ಸುತ್ತಲಿನ ಹಲವು ಜಿಲ್ಲೆಗಳ ಹೊಲದಲ್ಲಿ ಬೆಳೆದರೂ ಅದು ಮಾರಾಟವಾದ ಪೇಟೆಯ ಹೆಸರು ಹೊತ್ತಿತು. ರೈತರ ನಡುವೆ ಮಾತ್ರ ಆಕಾರ ನೋಡಿ ‘ಡಬ್ಬಿ’, ‘ಕಡ್ಡಿ’ ಎಂದೇ ಉಳಿಯಿತು.

ಇದನ್ನೆಲ್ಲ ಹೇಳುತ್ತಿರುವುದು ಒಂದು ಸಣ್ಣ ತಕರಾರಿಗಾಗಿ. ಕಥೆ ಕಾದಂಬರಿಗಳಲ್ಲಿ ಬರುವ ಹೆಸರುಗಳನ್ನು ನಮ್ಮ ವಿಮರ್ಶೆ ಸಾಮಾನ್ಯವಾಗಿ ಸಂಕೇತವಾಗಿ ಓದುತ್ತದೆ. ಪಾತ್ರದ ಹೆಸರು ಬೆಳ್ಳಿ ಎಂದಿದ್ದರೆ ಬೆಳಕಿನ ಮೇಲೆ ಎರಡು ಪುಟ, ಕಾಳ ಎಂದಿದ್ದರೆ ಕತ್ತಲೆಯ ಮೇಲೆ ಎರಡು ಪುಟ. ಆ ಹೆಸರನ್ನು ಯಾರು, ಯಾವ ಅಂಗಳದಲ್ಲಿ ನಿಂತು, ಯಾವ ಪ್ರತ್ಯಯ ಹಚ್ಚಿ ಕರೆದರು ಎಂದು ಕೇಳುವವರು ಕಡಿಮೆ. ಹೆಸರು ಇಡುವುದು ಬೇರೆ, ಕರೆಯುವುದು ಬೇರೆ. ತೊಟ್ಟಿಲ ಮುಂದೆ ಸೋದರತ್ತೆ ಕೂಸಿನ ಕಿವಿಯಲ್ಲಿ ಹೇಳುವುದು ಇಟ್ಟ ಹೆಸರು. ಅದು ಆಮೇಲೆ ಶಾಲೆಯ ದಾಖಲೆಯಲ್ಲೋ ಲಗ್ನಪತ್ರಿಕೆಯಲ್ಲೋ ಕುಳಿತಿರುತ್ತದೆ. ದಿನಕ್ಕೆ ನೂರು ಸಲ ಕಿವಿಗೆ ಬೀಳುವುದು ಕರೆಯುವ ಹೆಸರು, ಮನುಷ್ಯ ಓಗೊಡುವುದೂ ಅದಕ್ಕೇ.

ನಮ್ಮ ಕಡೆಯ ವ್ಯಾಕರಣ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಸಪ್ಪ ಎಂದು ಹೆಸರಿಟ್ಟವನನ್ನು ಓಣಿಯವರು ಬಸಪ್ಪ, ಬಸಣ್ಣ ಎಂದಾರು. ಜೀತಕ್ಕಿದ್ದ ಮನೆಯ ಕಟ್ಟೆಯ ಮೇಲಿಂದ ಅವನು ‘ಬಸ್ಯಾ’. ಅವನ ಹೆಂಡತಿ ಬಸವ್ವ ಅಲ್ಲಿ ‘ಬಸ್ಸಿ’. ಗೆಳೆಯ ಬಸ್ಯಾ ಎಂದರೆ ಅದು ಸಲುಗೆ, ಧಣಿ ಬಸ್ಯಾ ಎಂದರೆ ಅದು ಲೆಕ್ಕ. ಈಗ ಅದೇ ಮನೆಯ ಕೊಟ್ಟಿಗೆಯತ್ತ ಕಿವಿಗೊಡಿ. ಎತ್ತುಗಳು ಮೈಬಣ್ಣ ನೋಡಿ ಪಡೆದ ಹೆಸರಿನವು: ಕರಿಯಾ, ಕೆಂದ್ಯಾ, ಮಾಸ್ಯಾ. ಕಟ್ಟೆಯ ಮೇಲಿಂದ ಕೂಗಿದಾಗ ಎತ್ತಿಗೂ ಆಳಿಗೂ ಅಂಟುವ ಪ್ರತ್ಯಯ ಒಂದೇ. ‘ಅಪ್ಪ’ ಕಳೆದುಹೋದ ಬಸಪ್ಪ ವ್ಯಾಕರಣದ ಪ್ರಕಾರ ಕೊಟ್ಟಿಗೆಗೆ ಸೇರಿಬಿಟ್ಟ. ಕರಿಯ ಎಂಬುದಂತೂ ನಾಯಿಗೂ ಎತ್ತಿಗೂ ಮನುಷ್ಯನಿಗೂ ಸಲ್ಲುವ ಹೆಸರು. ಆದರೆ ಯಾವ ಓಣಿಯ ಮನುಷ್ಯನಿಗೆ ಎನ್ನುವುದು ಮುಖ್ಯ.

(ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ, ತಿಪ್ಪವ್ವ ಎಂದು ಕರೆಯುತ್ತಿದ್ದುದು ಬೇರೆಯೇ ಮಾತು. ಅಲ್ಲಿ ಕೀಳು ಹೆಸರು ಸಾವಿನ ಕಣ್ಣು ತಪ್ಪಿಸಲು ತಾಯಿ ಹೂಡಿದ ಉಪಾಯ.)

ಈ ಕಿವಿಯಿಂದ ಓದಿದರೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಬೇರೆ ಥರ ಕೇಳಿಸುತ್ತದೆ. ಅಲ್ಲಿನ ಒಡೆಯರ ಹೆಸರುಗಳು ಮನೆಯಿಂದ ಶುರುವಾಗುತ್ತವೆ: ಹಳೆಮನೆ ಸುಬ್ಬಣ್ಣ ಹೆಗ್ಗಡೆ, ಸಿಂಬಾವಿ ಭರಮೈ ಹೆಗ್ಗಡೆ, ಬೆಟ್ಟಳ್ಳಿ ಕಲ್ಲಯ್ಯಗೌಡ. ಮುಂದೆ ಮನೆ, ಹಿಂದೆ ಪದವಿ, ನಡುವೆ ಮನುಷ್ಯ. ಸಿಂಬಾವಿಯ ಜೀತದಾಳು ಗುತ್ತಿಗೆ ಹೆಸರಿನ ಮುಂದೆ ಇಟ್ಟುಕೊಳ್ಳಲು ಮನೆಯಿಲ್ಲ, ಹಿಂದೆ ಹಚ್ಚಿಕೊಳ್ಳಲು ಪದವಿಯಿಲ್ಲ. ಅವನಿಗಿರುವುದು ನಾಯಿ. ಎಲ್ಲಿ ಹೋದರೂ ಅದು ಜೊತೆಗಿರುವುದರಿಂದ ಜನ ಅವನನ್ನು ನಾಯಿಗುತ್ತಿ ಎನ್ನುತ್ತಾರೆ. ಒಡೆಯರ ಹೆಸರಿನಲ್ಲಿ ಮನೆ ಕೂತಿರುವ ಜಾಗದಲ್ಲಿ ಇವನ ಹೆಸರಿನಲ್ಲಿ ನಾಯಿ ಕೂತಿದೆ. ಆ ನಾಯಿಯ ಹೆಸರೋ, ಹುಲಿಯ! ಲೋಕ ಗುತ್ತಿಗೆ ನಾಯಿಯ ಹೆಸರು ಕೊಟ್ಟರೆ ನಾಯಿಗೆ ಸಂದದ್ದು ಹುಲಿಯ ಹೆಸರು. ಕಾದಂಬರಿಯ ಸಾಮಾಜಿಕ ನಕ್ಷೆಯೆಲ್ಲ ಈ ಎರಡು ಹೆಸರುಗಳಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಗುತ್ತಿಯ ಮೇಲೆ ಯಾರಿಗೂ ಕಾಣದ ಘನತೆಯನ್ನು ಕುವೆಂಪು ಅವನ ನಾಯಿಯ ಹೆಸರಿನಲ್ಲಿ ಇಟ್ಟಿದ್ದಾರೆ.

ಹುಲಿಯ ತುಂಗೆಯ ನೆರೆಯಲ್ಲಿ ಕೊಚ್ಚಿಹೋಗುವ ಭಾಗವನ್ನು ಓದಿ ಕಣ್ಣೀರು ಹಾಕದವರು ಕಡಿಮೆ. ಅಲ್ಲಿ ನಾನು ಪ್ರತಿ ಸಲ ಹೆಸರಿನ ಹತ್ತಿರವೇ ನಿಲ್ಲುತ್ತೇನೆ. ನಾಯಿ ಹೋಯಿತು, ನಾಯಿಗುತ್ತಿಯ ‘ನಾಯಿ’ ಎಲ್ಲಿ ಹೋಗಬೇಕು? ತಿಮ್ಮಿಯನ್ನು ಕಟ್ಟಿಕೊಂಡು ಹೊಸ ಬದುಕಿಗೆ ಹೊರಟವನು ಇನ್ನು ಬರಿಯ ಗುತ್ತಿಯೋ, ಸತ್ತ ನಾಯಿಯನ್ನು ಸಾಯುವ ತನಕ ಹೆಸರಿನಲ್ಲಿ ಹೊತ್ತವನೋ? ಅವನಿಗೆ ಇದರಲ್ಲಿ ಆಯ್ಕೆಯಿಲ್ಲ, ಕರೆಯುವವರು ಬೇರೆಯವರು.

ತೇಜಸ್ವಿಯವರ ‘ಕರ್ವಾಲೊ’ (1980) ಇದೇ ವಿಷಯವನ್ನು ಹಗುರವಾಗಿ ಎತ್ತಿಕೊಳ್ಳುತ್ತದೆ. ಅಲ್ಲಿ ನಾಯಿಯ ಹೆಸರು ಕಿವಿ. ಹುಲಿಯಿಲ್ಲ, ಸಿಂಹವಿಲ್ಲ, ಕಣ್ಣಿಗೆ ಬಿದ್ದ ಅವಯವವೇ ಹೆಸರು. ಮನುಷ್ಯರೂ ಬಿರಿಯಾನಿ ಕರಿಯಪ್ಪನ ಹಾಗೆ ಕಂಡಂತೆ ಕರೆಸಿಕೊಳ್ಳುವವರೇ. ಎಲ್ಲರೂ ಹುಡುಕಿ ಹೊರಡುವ ಹಾರುವ ಓತಿಯನ್ನು ಮೊದಲು ಕಂಡವನು ಮಂದಣ್ಣ, ಅದರ ಶಾಸ್ತ್ರೀಯ ವಿವರ ಬಲ್ಲವರು ಕರ್ವಾಲೊ. ಒಬ್ಬನ ಬಾಯಲ್ಲಿ ಅದು ಕಂಡದ್ದಕ್ಕೆ ಹೇಳಿದ ಮಾತು, ಇನ್ನೊಬ್ಬರ ಬಾಯಲ್ಲಿ ತಿಳಿದದ್ದಕ್ಕೆ ಕೊಟ್ಟ ಹೆಸರು.

ಈ ಎರಡು ಬಾಯಿಗಳ ಅಂತರ ರಾಣೆಬೆನ್ನೂರಿನವರಿಗೆ ಹೊಸದಲ್ಲ. 1974ರಲ್ಲಿ ಘೋಷಣೆಯಾದ ಇಲ್ಲಿನ ಅಭಯಾರಣ್ಯಕ್ಕೆ ಕೃಷ್ಣಮೃಗದ ಹೆಸರಿದೆ. ಹೊಲದಲ್ಲಿ ಬೆಳೆ ಕಾಯುವವರ ಬಾಯಲ್ಲಿ ಅದು ಇಂದಿಗೂ ಚಿಗರಿ. ಸಂಸ್ಕೃತದ ಹೆಸರು ಫಲಕದ ಮೇಲೆ ನಿಂತಿದೆ. ಆಡುಮಾತಿನ ಚಿಗರಿ ಹುಬ್ಬಳ್ಳಿ-ಧಾರವಾಡದ ನಡುವೆ ಬಸ್ಸಾಗಿ ಓಡುತ್ತಿದೆ. ಒಂದು ಕಾಲಕ್ಕೆ ಈ ಸೀಮೆಯಲ್ಲಿ ಕಾಣಿಸುತ್ತಿದ್ದ ದೊಡ್ಡ ಹಕ್ಕಿ ಎರೆಭೂತಕ್ಕೆ ಅಷ್ಟು ಅದೃಷ್ಟವಿಲ್ಲ. ಎರೆಹೊಲದಲ್ಲಿ ಕಂಡಂತಾಗಿ ಮರೆಯಾಗುವ ಹಕ್ಕಿಗೆ ಒಪ್ಪುವ ಹೆಸರು ಅದು. ಈಗ ಹೆಸರಷ್ಟೇ ಇದೆ, ಕೈತೋರಿಸಿ ಕರೆಯಲು ಹಕ್ಕಿಯಿಲ್ಲ.

ಕರೆಯುವ ಹೆಸರನ್ನು ಕರೆಸಿಕೊಂಡವನೇ ಕಿತ್ತುಕೊಂಡರೆ ಏನಾಗುತ್ತದೆ ಎಂಬುದಕ್ಕೆ ನನಗೆ ನೆನಪಾಗುವುದು ಅರವಿಂದ ಮಾಲಗತ್ತಿಯವರ ಆತ್ಮಕಥೆ. ಸರ್ಕಾರದ ಸೌಲಭ್ಯ ಪಡೆದು ಓದುವ ದಲಿತರನ್ನು ಹಂಗಿಸುವ ಮಾತು ‘ಗೌರ್ಮೆಂಟ್ ಬ್ರಾಹ್ಮಣ’. 1994ರಲ್ಲಿ ಅವರು ಅದನ್ನೇ ಪುಸ್ತಕದ ಶೀರ್ಷಿಕೆ ಮಾಡಿದರು. ಬೆನ್ನ ಹಿಂದೆ ಆಡುವ ಮಾತು ಮುಖಪುಟಕ್ಕೆ ಬಂತು. ಪುಸ್ತಕ ಕೇಳುವವನು ಅಂಗಡಿಯಲ್ಲಿ ಅದನ್ನು ಗಟ್ಟಿಯಾಗಿ ಹೇಳಲೇಬೇಕು, ಹೇಳುವಾಗ ತನ್ನ ದನಿ ತನಗೇ ಕೇಳಿಸಬೇಕು. ಇಂಥ ಧೈರ್ಯ ಈಚಿನ ಕಥೆಗಳಲ್ಲಿ ನನಗೆ ಕಾಣುತ್ತಿಲ್ಲ. ಕಥಾಸ್ಪರ್ಧೆಗಳ ಹಳ್ಳಿಯಲ್ಲಿ ಎಲ್ಲರೂ ಎಲ್ಲರನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ. ಗೌಡ ಕರೆದರೂ ಬಸಪ್ಪ, ಮಗಳು ಹೇಳಿದರೂ ಬಸಪ್ಪ, ನಿರೂಪಕ ಬರೆದರೂ ಬಸಪ್ಪ. ಇದು ಸಮಾನತೆಯಲ್ಲ, ಕಿವುಡು.

ಹೊರಗೆ ಊರಂತೂ ಸುಮ್ಮನೆ ಕೂತಿಲ್ಲ. ದೀಪಾವಳಿಯ ಪಾಡ್ಯ ಬಂತೆಂದರೆ ಹಾವೇರಿ ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬ. ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ರಿಬ್ಬನ್ನು, ಬಲೂನು. ಓಡುವ ಹೋರಿಯ ಕೊಬ್ಬರಿ ಹರಿಯಲು ಹುಡುಗರು ಮೇಲೆ ಬೀಳುತ್ತಾರೆ, ಪೆಟ್ಟೂ ತಿನ್ನುತ್ತಾರೆ. ಅಖಾಡದ ಮೈಕಿನಲ್ಲಿ ಕರಿಯಾ, ಮಾಸ್ಯಾ ಕೇಳುವುದಿಲ್ಲ. ಊರಿನ ಹೆಸರಿಗೆ ಡಾನ್, ರಾಜಾ, ಹುಲಿ ಸೇರಿಸಿದ ಹೆಸರುಗಳು, ಸಿನಿಮಾದಿಂದ ಎತ್ತಿ ತಂದ ಹೆಸರುಗಳು. ಊರು ಬಿಟ್ಟ ಮನುಷ್ಯನಿಗೆ ಸಿಗುತ್ತಿದ್ದ ಊರಿನ ಹೆಸರು ಈಗ ಪರವೂರಿನ ಅಖಾಡಕ್ಕೆ ಹೋದ ಹೋರಿಗೆ ಸಿಗುತ್ತಿದೆ. ಈ ಹೆಸರುಗಳ ಅಬ್ಬರ ನನಗೆ ಅಷ್ಟಾಗಿ ಹಿಡಿಸುವುದಿಲ್ಲ, ಪ್ರಾಣಿಯ ಮೇಲಾಗುವ ಬಲಾತ್ಕಾರವಂತೂ ಇಲ್ಲವೇ ಇಲ್ಲ. ಆದರೆ ಅಲ್ಲಿ ಇನ್ನೊಂದು ಸಂಗತಿಯೂ ನಡೆಯುತ್ತಿದೆ. ಎರಡೆಕರೆ ಹೊಲದ ಬಸಪ್ಪ ಸಾಲ ಮಾಡಿ ಹೋರಿ ಕಟ್ಟಿದರೆ ಮೈಕಿನವನು ಅವನನ್ನು ಇಂಥ ಹೋರಿಯ ಮಾಲೀಕರಾದ ಬಸಪ್ಪನವರು ಎನ್ನುತ್ತಾನೆ. ಅವರಪ್ಪ ಕಟ್ಟೆಯ ಕೆಳಗೆ ಕಳೆದುಕೊಂಡಿದ್ದ ‘ಅಪ್ಪ’ವನ್ನು ಹೋರಿ ವಾಪಸು ತಂದುಕೊಟ್ಟಿದೆ, ಮೇಲೆ ‘ಅವರು’ ಎಂಬ ಬಡ್ಡಿ ಬೇರೆ. ನಾಯಿಗುತ್ತಿಗೆ ಹುಲಿಯ ಮಾಡಲಾಗದ ಕೆಲಸ ಇದು.

ಫ್ಲೆಕ್ಸಿನಲ್ಲಿ ಹೋರಿಯ ಫೋಟೋ ಇರುತ್ತದೆ, ಬಸಪ್ಪನದಿರುತ್ತದೆ, ಓಣಿಯ ಹುಡುಗರದಿರುತ್ತದೆ. ದಿನಾ ಹಿಂಡಿ ಕಲಸಿ ಇಡುವ ಹೆಂಗಸಿನದು ಇರುವುದಿಲ್ಲ. ಆಕೆ ಕೊಟ್ಟಿಗೆಯಲ್ಲಿ ಆ ಹೋರಿಯನ್ನು ಡಾನ್ ಎನ್ನುವುದಿಲ್ಲ, ರಾಜಾ ಎನ್ನುವುದಿಲ್ಲ. ಬಾನಿಯ ಮುಂದೆ ನಿಂತು ‘ಬಾರೋ ನನ್ನಪ್ಪಾ’ ಎನ್ನುತ್ತಾಳೆ, ಅದು ಬರುತ್ತದೆ.