ಲೆಕ್ಕಿಗನೊಬ್ಬ ಓದಿದ ಮೂರು ಕಾದಂಬರಿಗಳು

2024ರ ನವೆಂಬರ್ 19ರ ರಾತ್ರಿ ಸಿಯಾಟಲ್ ಸುತ್ತಮುತ್ತ ಬೀಸಿದ ಬಿರುಗಾಳಿಯನ್ನು ಇಲ್ಲಿಯ ಕನ್ನಡಿಗರು ಬೇಗ ಮರೆಯಲಾರರು. ಹವಾಮಾನದವರು ಅದನ್ನು ‘ಬಾಂಬ್ ಸೈಕ್ಲೋನ್’ ಎಂದು ಕರೆದರು. ಸಮಾಮಿಶ್, ಇಸಾಕ್ವಾ, ಬೆಲ್‌ವ್ಯೂ ಕಡೆಗಳಲ್ಲಿ ದೊಡ್ಡ ದೊಡ್ಡ ಫರ್ ಮರಗಳು ತಂತಿಗಳ ಮೇಲೆ ಉರುಳಿಬಿದ್ದು ಲಕ್ಷಾಂತರ ಮನೆಗಳಲ್ಲಿ ಕರೆಂಟು ಹೋಯಿತು. ನಮ್ಮ ಮನೆಗೆ ಅದು ಮರಳಿ ಬಂದದ್ದು ನಾಲ್ಕನೆಯ ದಿನ. ಲ್ಯಾಪ್‌ಟಾಪು ಸತ್ತಿತ್ತು, ಫೋನು ಕೊನೆಯುಸಿರು ಎಳೆಯುತ್ತಿತ್ತು, ಸಂಜೆ ನಾಲ್ಕೂವರೆಗೇ ಕತ್ತಲು. ಮಾಡಲು ಏನೂ ಇಲ್ಲದ ಆ ಹೊತ್ತಿನಲ್ಲಿ, ಊರಿನಿಂದ ತಂದು ಎರಡು ವರ್ಷದಿಂದ ಕಪಾಟಿನಲ್ಲಿ ಇಟ್ಟಿದ್ದ ‘ಗೃಹಭಂಗ’ವನ್ನು ಟಾರ್ಚಿನ ಬೆಳಕಿನಲ್ಲಿ ತೆರೆದೆ.

ನಾನು ವಿಮರ್ಶಕನಲ್ಲ. ಬಿ.ಕಾಂ. ಮುಗಿಸಿ ಸಿ.ಎ. ಮಾಡಿದವನು. ಆರ್ಟಿಕಲ್‌ಶಿಪ್ ಸೇರಿದ ದಿನದಿಂದ ನನ್ನ ಓದೆಲ್ಲ ಬ್ಯಾಲೆನ್ಸ್ ಶೀಟು, ಕಾಯಿದೆ, ಸುತ್ತೋಲೆ ಇಷ್ಟೇ. ಸಂತೋಷಕ್ಕಾಗಿ ಕಾದಂಬರಿ ಓದುವ ಅಭ್ಯಾಸ ಇಪ್ಪತ್ತು ವರ್ಷದ ಹಿಂದೆಯೇ ತಪ್ಪಿಹೋಗಿತ್ತು. ಆ ಬಿರುಗಾಳಿಯ ನೆಪದಲ್ಲಿ ಮತ್ತೆ ಹಿಡಿದ ಚಟ ಒಂದು ವರ್ಷ ನಡೆಯಿತು. ಆಗ ಓದಿದವುಗಳಲ್ಲಿ ಮೂರು ಕಾದಂಬರಿಗಳ ಬಗ್ಗೆ ನನಗೆ ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕನ್ನಡ ಕಾದಂಬರಿ ಎಂದರೆ ಧರ್ಮ, ಜಾತಿ, ಹಳತು-ಹೊಸತಿನ ತಿಕ್ಕಾಟ ಎಂದು ಕಾಲೇಜಿನಲ್ಲಿ ಕಲಿತಿದ್ದೆ. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಬೇರೆಯೇ. ಈ ಮೂರರಲ್ಲಿಯೂ ಮನುಷ್ಯರ ನಿಜವಾದ ಗುಣ ಹೊರಬೀಳುವುದು ಯಾರು ದುಡಿಯುತ್ತಾರೆ, ದುಡಿಮೆ ಯಾರ ಹೆಸರಿಗೆ ಬರೆಯಲ್ಪಡುತ್ತದೆ ಎನ್ನುವ ಕಡೆ.

ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಪ್ರಕಟವಾದದ್ದು 1970ರಲ್ಲಿ. ಗಿರೀಶ ಕಾಸರವಳ್ಳಿಯವರ ಧಾರಾವಾಹಿಯಿಂದ ಕಥೆ ಅನೇಕರಿಗೆ ಪರಿಚಿತ. ತಿಪಟೂರು, ಚನ್ನರಾಯಪಟ್ಟಣ ಸೀಮೆಯ ಹಳ್ಳಿ, ಕಳೆದ ಶತಮಾನದ ಮೊದಲರ್ಧ. ಶಾನುಭೋಗಿಕೆ ಗಂಡ ಚೆನ್ನಿಗರಾಯನ ಹೆಸರಿನಲ್ಲಿದೆ. ಅವನಿಗೆ ಲೆಕ್ಕ ಬರೆಯುವುದು ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ. ಲೆಕ್ಕದ ಪುಸ್ತಕಕ್ಕೆ ಗೆರೆ ಎಳೆಯುವುದರಿಂದ ಹಿಡಿದು ಕಂದಾಯದ ಲೆಕ್ಕ ಮುಗಿಸುವತನಕ ಎಲ್ಲವನ್ನೂ ಕಲಿತು ಮಾಡುವವಳು ಹೆಂಡತಿ ನಂಜಮ್ಮ. ಅದರ ಜೊತೆಗೆ ಅಡುಗೆ, ಬಾಣಂತನ, ಮುತ್ತುಗದ ಎಲೆ ಹಚ್ಚಿ ಮಾರಿ ನಾಲ್ಕು ಕಾಸು ಕೂಡಿಸುವುದು. ವರ್ಷಕ್ಕೊಮ್ಮೆ ಸರ್ಕಾರದಿಂದ ಬರುವ ಹಣ ಮಾತ್ರ ಹುದ್ದೆಯವನ ಕೈಗೆ. ಅಲ್ಲಿಂದ ಹೋಟೆಲಿನ ತಿಂಡಿಗೆ.

ನಮ್ಮೂರು ತಿಪಟೂರು. ಅಪ್ಪ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಹಾಗಾಗಿ ಈ ಕಾದಂಬರಿಯ ಮಾತು, ಬೈಗುಳ, ಊಟ ಯಾವುದೂ ನನಗೆ ಹೊಸದಲ್ಲ. ಭೈರಪ್ಪನವರ ಶಕ್ತಿ ಇರುವುದು ವಿವರದಲ್ಲಿ. ನಂಜಮ್ಮ ಸಹನಾಮೂರ್ತಿ ಎಂದು ಅವರು ಎಲ್ಲಿಯೂ ಭಾಷಣ ಮಾಡುವುದಿಲ್ಲ. ಇಂಥ ದಿನ ಮನೆಯಲ್ಲಿ ಎಷ್ಟು ರಾಗಿ ಇತ್ತು, ಅದು ಎಷ್ಟು ದಿನಕ್ಕೆ ಬಂತು ಎಂದು ಹೇಳುತ್ತಾರೆ. ಅಡವಿಟ್ಟ ಜಮೀನು ಬಡ್ಡಿ ಬೆಳೆದು ಹೇಗೆ ಕೈಬಿಟ್ಟುಹೋಗುತ್ತದೆ ಎಂಬುದನ್ನು ಪಾಠದಂತೆ ಓದಬಹುದು. ಪ್ಲೇಗು ಬಂದು ಮಕ್ಕಳು ಸಾಯುವ ಭಾಗದಲ್ಲಿ ಅವರ ವಾಕ್ಯಗಳು ಇನ್ನೂ ಚಿಕ್ಕದಾಗುತ್ತವೆ, ಇನ್ನೂ ಒಣಗುತ್ತವೆ. ಪ್ಲೇಗು ಅವರ ಸ್ವಂತ ಮನೆಯನ್ನೂ ಬಿಟ್ಟಿರಲಿಲ್ಲ ಎಂಬುದನ್ನು ಅವರ ಆತ್ಮಕಥೆ ‘ಭಿತ್ತಿ’ಯನ್ನು ಓದಿದವರು ಬಲ್ಲರು. ಅಳು ಬರಿಸಬೇಕೆಂದು ಬರೆದದ್ದಲ್ಲ, ಆದ್ದರಿಂದಲೇ ತಡೆಯಲಾಗುವುದಿಲ್ಲ.

ಹಾಗಿದ್ದೂ ನನಗೊಂದು ತಕರಾರು ಇತ್ತು. ಚೆನ್ನಿಗರಾಯನಿಗೂ ಅವನ ತಾಯಿ ಗಂಗಮ್ಮನಿಗೂ ಲೇಖಕರು ಒಂದು ಪೈಸೆಯಷ್ಟೂ ಜಮಾ ಕೊಟ್ಟಿಲ್ಲ, ಬರೀ ಖರ್ಚಿನ ಕಡೆಯೇ ಬರೆದಿದ್ದಾರೆ. ಗಂಗಮ್ಮ ಹೀಗಾದದ್ದು ಏಕೆ? ಅವಳೂ ಒಂದು ಕಾಲಕ್ಕೆ ಸೊಸೆಯಾಗಿ ಬಂದವಳಲ್ಲವೇ? ಒಂದು ಪುಟ ಅವಳ ಒಳಗೆ ಹೋಗಿದ್ದರೆ ಕಾದಂಬರಿಗೆ ಇನ್ನೊಂದು ಆಳ ಬರುತ್ತಿತ್ತು. ಈ ಮಾತನ್ನು ನನ್ನ ಹೆಂಡತಿಗೆ ಹೇಳಿದೆ. ನನಗಿಂತ ಮೊದಲೇ ಅವಳು ಅದನ್ನು ಓದಿದ್ದಳು. “ಗಂಗಮ್ಮನ ವಿಷಯ ಆಮೇಲೆ ಮಾತಾಡೋಣ ಕಣ್ರೀ. ನಂಜಮ್ಮ ಬರೆದ ಲೆಕ್ಕ ಸರ್ಕಾರದ ಪುಸ್ತಕದಲ್ಲಿ ಯಾರ ಹೆಸರಿಗಿತ್ತು, ಅದನ್ನ ಹೇಳಿ” ಎಂದಳು.

ಅವಳು ಸುಮ್ಮನೆ ಕೇಳಿದ್ದಲ್ಲ. ಎಂ.ಕಾಂ. ಓದಿ ತುಮಕೂರಿನಲ್ಲಿ ಕೆಲಸದಲ್ಲಿದ್ದವಳು 2011ರಲ್ಲಿ ನನ್ನ ಜೊತೆ ಎಚ್-4 ವೀಸಾದ ಮೇಲೆ ಇಲ್ಲಿಗೆ ಬಂದಳು. ಆ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. 2015ರ ಮೇ ತಿಂಗಳಲ್ಲಿ ನಿಯಮ ಬದಲಾಗಿ, ಗ್ರೀನ್ ಕಾರ್ಡಿನ ಒಂದು ಹಂತ ದಾಟಿದವರ ಹೆಂಡತಿಗೆ ಅಥವಾ ಗಂಡನಿಗೆ ಕೆಲಸದ ಅನುಮತಿ ಸಿಗುವತನಕ ನಾಲ್ಕು ವರ್ಷ ಮನೆಯಲ್ಲಿದ್ದಳು. ನಾನು ಇಲ್ಲಿಯ ಸಿ.ಪಿ.ಎ. ಪರೀಕ್ಷೆಗೆ ಕೂತಾಗ ನನ್ನ ಟಿಪ್ಪಣಿಗಳನ್ನೆಲ್ಲ ಜೋಡಿಸಿಕೊಟ್ಟವಳು, ತಪ್ಪು ಲೆಕ್ಕವನ್ನು ಬೆರಳಿಟ್ಟು ತೋರಿಸಿದವಳು ಅವಳೇ. ಅಮೆರಿಕದ ತೆರಿಗೆ ಫಾರಂ 1040ರಲ್ಲಿ ಗಂಡ ಹೆಂಡತಿ ಸಹಿ ಮಾಡುವ ಜಾಗದ ಪಕ್ಕದಲ್ಲಿ ಇಬ್ಬರ ಉದ್ಯೋಗವನ್ನೂ ಬರೆಯಲು ಒಂದೊಂದು ಚಿಕ್ಕ ಚೌಕ ಇರುತ್ತದೆ. ಆ ನಾಲ್ಕು ವರ್ಷವೂ ಅವಳ ಚೌಕದಲ್ಲಿ ‘ಹೋಮ್‌ಮೇಕರ್’ ಎಂದು ಬರೆದದ್ದು ನಾನು. ಹಾಗೆ ಬರೆಯಲೇ ಎಂದು ಒಮ್ಮೆಯೂ ಕೇಳಿರಲಿಲ್ಲ. ಪ್ರತಿ ಏಪ್ರಿಲ್ 15ರೊಳಗೆ ಎಷ್ಟೋ ಕನ್ನಡದ ಮನೆಗಳ ಫಾರಂನಲ್ಲಿ ಅದೇ ಪದ ತುಂಬಿದ್ದೇನೆ. ನಂಜಮ್ಮನ ಕಥೆ ಓದುವವರೆಗೆ ಆ ಚೌಕ ನನಗೆ ಕಂಡಿರಲಿಲ್ಲ ಎಂದರೆ ಸುಳ್ಳಲ್ಲ.

ಎರಡನೆಯದು ಯಶವಂತ ಚಿತ್ತಾಲರ ‘ಶಿಕಾರಿ’, 1979ರದು. ಇದನ್ನು ಹುಡುಕಿಕೊಂಡು ಹೋಗಿ ಓದಿದ್ದಕ್ಕೆ ಕಾರಣವಿದೆ. 2023ರ ಜನವರಿಯಲ್ಲಿ ಈ ಭಾಗದಲ್ಲಿ ಸಾವಿರಗಟ್ಟಲೆ ಜನ ಕೆಲಸ ಕಳೆದುಕೊಂಡರು. ಅವರಲ್ಲಿ ನಾನೂ ಒಬ್ಬ. ಹದಿನೈದು ನಿಮಿಷದ ವಿಡಿಯೊ ಕರೆ, ನಯವಾದ ಒಂದು ಪತ್ರ, ಸಂಜೆಯೊಳಗೆ ಇ-ಮೇಲ್ ಬಂದ್. ಎಚ್-1ಬಿಯಲ್ಲಿದ್ದವರಿಗೆ ಹೊಸ ಕೆಲಸ ಹುಡುಕಲು 60 ದಿನ. ಅಷ್ಟರಲ್ಲಿ ಸಿಗದಿದ್ದರೆ ಮಕ್ಕಳನ್ನು ಶಾಲೆ ಬಿಡಿಸಿ ಗಂಟುಮೂಟೆ ಕಟ್ಟಬೇಕು. ಆ ದಿನಗಳನ್ನು ಹೇಗೆ ಕಳೆದೆ ಎಂದು ಯಾರಾದರೂ ಕೇಳಿದರೆ ‘ಶಿಕಾರಿ’ ಓದಿ ಎನ್ನುತ್ತೇನೆ.

ಕಥಾನಾಯಕ ನಾಗಪ್ಪ ಮುಂಬೈಯ ದೊಡ್ಡ ಕಂಪನಿಯೊಂದರಲ್ಲಿ ಮೇಲಿನ ಹುದ್ದೆಯವನು. ಕಾರ್ಖಾನೆಯ ಅವಘಡವೊಂದರ ಹೊಣೆ ಅವನ ತಲೆಗೆ ಕಟ್ಟಿ ಅಮಾನತಿನಲ್ಲಿ ಇಡುತ್ತಾರೆ. ಆಮೇಲಿನದೆಲ್ಲ ಯಾರು ಏಕೆ ಹೀಗೆ ಮಾಡಿದರು ಎಂದು ಅವನು ತನ್ನೊಳಗೇ ನಡೆಸುವ ವಿಚಾರಣೆ. ಚಿತ್ತಾಲರು ತಾವೇ ಮುಂಬೈಯ ರಾಸಾಯನಿಕ ಉದ್ಯಮದಲ್ಲಿ ದೊಡ್ಡ ಹುದ್ದೆಯಲ್ಲಿ ದುಡಿದವರು. ಕಂಪನಿಯ ಪತ್ರಗಳ ಭಾಷೆ, ಮೀಟಿಂಗಿನ ನಗು, ಬೆನ್ನು ತಟ್ಟುವ ಕೈಯ ಭಾರ ಅವರಿಗೆ ಚೆನ್ನಾಗಿ ಗೊತ್ತು. ಕೆಲಸ ಹೋಗುವುದೆಂದರೆ ಸಂಬಳ ಹೋಗುವುದಷ್ಟೇ ಅಲ್ಲ. ನಿನ್ನೆಯವರೆಗೆ ಜೊತೆಯಲ್ಲಿ ಊಟ ಮಾಡಿದವರ ಮುಖದಲ್ಲಿ ಏನು ಬರೆದಿದೆ ಎಂದು ಓದಲು ಕೂರುವುದು. ಇದನ್ನು ಇಷ್ಟು ನಿಖರವಾಗಿ ಹಿಡಿದ ಕಾದಂಬರಿ ಕನ್ನಡದಲ್ಲಿ ನಾನು ಬೇರೆ ಓದಿಲ್ಲ. ಐದು ದಶಕಕ್ಕೆ ಸಮೀಪಿಸಿದ ಪುಸ್ತಕ. ಟೈಪ್‌ರೈಟರಿನ ಪತ್ರದ ಜಾಗದಲ್ಲಿ ಇ-ಮೇಲ್ ಇಟ್ಟರೆ ಸಾಕು, ನಮ್ಮ ರೆಡ್‌ಮಂಡಿನ ಕಥೆ.

ಇದು ಸುಲಭದ ಓದಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ನಾಗಪ್ಪನ ಅನುಮಾನಗಳು ಗಾಣದ ಎತ್ತಿನ ಹಾಗೆ ಒಂದೇ ಜಾಗದಲ್ಲಿ ಸುತ್ತುತ್ತವೆ. ನಡುವೆ ಎರಡು ಸಲ ಪುಸ್ತಕ ಕೆಳಗಿಟ್ಟೆ. ಇಲ್ಲಿ ಬರುವ ಹೆಂಗಸರು ನಾಗಪ್ಪನ ಕಣ್ಣಿಗೆ ಎಷ್ಟು ಬೇಕೋ ಅಷ್ಟೇ ಇದ್ದಾರೆ. ಅವರ ಪಾಡಿಗೆ ಅವರು ಬದುಕುವುದಿಲ್ಲ. ನನಗೂ ನಾಗಪ್ಪನಿಗೂ ಇದ್ದ ಒಂದು ವ್ಯತ್ಯಾಸ ಹೊಳೆದದ್ದೂ ಅಲ್ಲಿಯೇ. ಅವನು ಒಂಟಿ. ನನಗೆ ಆ ಅರವತ್ತು ದಿನದಲ್ಲಿ ಹುಚ್ಚು ಹಿಡಿಯದೆ ಉಳಿದದ್ದಕ್ಕೆ ಕಾರಣ, ಅಷ್ಟು ಹೊತ್ತಿಗೆ ಮನೆಯಲ್ಲಿ ಇನ್ನೊಂದು ಸಂಬಳ ಬರುತ್ತಿತ್ತು. ಮನೆಯ ಕಂತು ಕಟ್ಟಿದ್ದು ಒಂದು ಕಾಲದ ಆ ‘ಹೋಮ್‌ಮೇಕರ್’. ಕೆಲಸ ಸಿಕ್ಕಿದ್ದು ಐವತ್ತೆರಡನೆಯ ದಿನ.

ಮೂರನೆಯದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರಲ್ಲಿ ಕನ್ನಡದಲ್ಲಿ ಬಂದ ಈ ಪುಟ್ಟ ಕಾದಂಬರಿ ಶ್ರೀನಾಥ್ ಪೆರೂರರ ಇಂಗ್ಲಿಷ್ ಅನುವಾದದಲ್ಲಿ 2017ರ ಹೊತ್ತಿಗೆ ಅಮೆರಿಕದ ಓದುಗರಿಗೂ ಸಿಕ್ಕಿತು. ಆಫೀಸಿನ ಅಮೆರಿಕನ್ ಸಹೋದ್ಯೋಗಿಯೊಬ್ಬರು ಅದನ್ನು ಓದಿ, “ನಿಮ್ಮ ಭಾಷೆಯದಂತೆ” ಎಂದು ನನಗೇ ಹೇಳಿದಾಗ ನಾಚಿಕೆಯಾಗಿ ಕನ್ನಡದ ಪ್ರತಿ ತರಿಸಿಕೊಂಡೆ.

ಇದರಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗದ ಬಗ್ಗೆ ಯಾರೂ ಹೆಚ್ಚು ಮಾತಾಡಿದ್ದನ್ನು ನಾನು ಕೇಳಿಲ್ಲ. ಅಪ್ಪ ಸೇಲ್ಸ್‌ಮನ್. ದಿನದ ವಸೂಲಿಯ ಲೆಕ್ಕವನ್ನು ರಾತ್ರಿ ಮನೆಯಲ್ಲಿ ಕೂತು ಹೊಂದಿಸಬೇಕು. ಒಂದು ರಾತ್ರಿ ಅದು ಹೊಂದುವುದಿಲ್ಲ. ಇಡೀ ಮನೆಯೇ ಆ ಕೊರತೆಯ ಸುತ್ತ ಉಸಿರು ಬಿಗಿಹಿಡಿದು ಕೂರುತ್ತದೆ. ಮಂಡಿಯ ಲೆಕ್ಕ ತಾಳೆಯಾಗದ ರಾತ್ರಿ ನಮ್ಮಪ್ಪ ಊಟಕ್ಕೆ ಏಳುತ್ತಿರಲಿಲ್ಲ; ಅಮ್ಮನೂ ನಾವೂ ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿದ್ದೆವು. ಲೆಕ್ಕ ಹೊಂದಿದಾಗ ಮನೆಯಲ್ಲಿ ಹಬ್ಬ. ಆ ಬಡತನದಲ್ಲಿ ಪ್ರತಿಯೊಂದು ರೂಪಾಯಿಯೂ ಎಲ್ಲರಿಗೂ ಗೊತ್ತಿರುತ್ತಿತ್ತು.

ಆಮೇಲೆ ಅಪ್ಪನ ಕೆಲಸ ಹೋಗುತ್ತದೆ, ಸಿಕ್ಕ ಹಣ ಚಿಕ್ಕಪ್ಪನ ಮಸಾಲೆ ವ್ಯಾಪಾರಕ್ಕೆ ಬಂಡವಾಳವಾಗುತ್ತದೆ, ಮನೆ ಸಿರಿವಂತವಾಗುತ್ತದೆ. ಈಗ ಹಣ ಎಲ್ಲಿಂದ ಬರುತ್ತದೆ, ಹೇಗೆ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಕಥೆ ಹೇಳುವ ಮಗ ಹೆಸರಿಗೆ ಡೈರೆಕ್ಟರು. ಮಾಡುವ ಕೆಲಸವಿಲ್ಲ, ಸಂಬಳ ಮಾತ್ರ ಬರುತ್ತದೆ. ಹೋಗಿ ಕಾಫಿ ಹೌಸಿನಲ್ಲಿ ಕೂರುತ್ತಾನೆ. ಕೇಳುವವಳು ಒಬ್ಬಳೇ, ಹೊರಗಿನಿಂದ ಸೊಸೆಯಾಗಿ ಬಂದ ಅನಿತಾ. ಆಡಿಟರುಗಳು ಯಾವ ಮನೆಗೂ ಇಷ್ಟವಾಗುವುದಿಲ್ಲ. ಮುಂದೇನಾಯಿತು ಎಂಬುದನ್ನು ಓದದವರಿಗಾಗಿ ಬಿಟ್ಟುಬಿಡುತ್ತೇನೆ.

ಮೊದಲ ಓದಿನಲ್ಲಿ ಸಿಟ್ಟು ಬಂದಿತ್ತು. ವ್ಯಾಪಾರದ ಕಥೆಯಲ್ಲಿ ವ್ಯಾಪಾರವೇ ಕಾಣುವುದಿಲ್ಲವಲ್ಲ, ಗೋದಾಮಿನ ಒಳಗೆ ಏನು ನಡೆಯುತ್ತದೆಂದು ಸರಿಯಾಗಿ ತೋರಿಸುವುದಿಲ್ಲವಲ್ಲ ಎಂದು. ಎರಡನೆಯ ಓದಿಗೆ ತಿಳಿಯಿತು: ತೋರಿಸದಿರುವವನು ಲೇಖಕನಲ್ಲ, ನಿರೂಪಕ. ನೋಡದೆ ಇರುವುದೇ ಅವನ ಉದ್ಯೋಗ. ಗೊತ್ತಿದ್ದೂ ಕೇಳದವನು ಬರೆದ ಲೆಕ್ಕ ಹೀಗೆಯೇ ಇರುತ್ತದೆ; ಬಿಟ್ಟ ಸಾಲುಗಳಲ್ಲಿ ಸತ್ಯ ಕೂತಿರುತ್ತದೆ. ಇಷ್ಟು ಚಿಕ್ಕ ಪುಸ್ತಕದಲ್ಲಿ ಇಷ್ಟನ್ನು ಸಾಧಿಸಿದ್ದು ದೊಡ್ಡ ಮಾತು.

ಕೌಶಲದ ದೃಷ್ಟಿಯಿಂದ ಮೂರರಲ್ಲಿ ‘ಘಾಚರ್ ಘೋಚರ್’ ಮೇಲು; ಅದರಲ್ಲಿ ತೆಗೆದುಹಾಕಬಹುದಾದ ಒಂದು ಪುಟವೂ ಇಲ್ಲ. ನಮ್ಮಂಥ ಅನಿವಾಸಿಗಳ ಎದೆಗೆ ಹತ್ತಿರವಾದದ್ದು ‘ಶಿಕಾರಿ’. ಊರಿನಲ್ಲಿರುವ ನೆಂಟರು ಅದನ್ನು ಓದಿದರೆ, ಇಲ್ಲಿಯ ದೊಡ್ಡ ಮನೆಯ ಫೋಟೊದ ಹಿಂದೆ ಎಂಥ ಭಯ ಇರುತ್ತದೆಂದು ತಿಳಿದೀತು. ಆದರೆ ಒಂದೇ ಒಂದನ್ನು ಇಟ್ಟುಕೋ ಎಂದರೆ ನಾನು ‘ಗೃಹಭಂಗ’ವನ್ನು ಇಟ್ಟುಕೊಳ್ಳುತ್ತೇನೆ, ಗಂಗಮ್ಮನ ಮೇಲಿನ ನನ್ನ ತಕರಾರಿನ ಸಮೇತ. ಉಳಿದೆರಡು ನನಗೆ ಗೊತ್ತಿದ್ದ ಸಂಗತಿಗಳನ್ನು ಚೆನ್ನಾಗಿ ಹೇಳಿದವು. ಅದು ಗೊತ್ತಿಲ್ಲದ್ದನ್ನು ತೋರಿಸಿತು.

ಈ ವರ್ಷ ಮಾರ್ಚಿನಲ್ಲಿ ಊರಿನಿಂದ ಹೊಸದಾಗಿ ಬಂದ ದಂಪತಿ ತೆರಿಗೆ ಫಾರಂ ತುಂಬಿಸಲು ನಮ್ಮ ಮನೆಗೆ ಬಂದಿದ್ದರು. ಆಕೆ ದಂತವೈದ್ಯೆ, ಇಲ್ಲಿ ಇನ್ನೂ ಕೆಲಸದ ಅನುಮತಿ ಇಲ್ಲ. ಆ ಚೌಕಕ್ಕೆ ಬಂದಾಗ ನಾನು ಕೈ ನಿಲ್ಲಿಸಿ, “ನಿಮ್ಮ ಉದ್ಯೋಗ ಏನಂತ ಬರೀಲಿ ಮೇಡಂ?” ಎಂದು ಕೇಳಿದೆ. ಆಕೆ ಗಂಡನ ಮುಖ ನೋಡಿದರು. ಗಂಡ ನನ್ನ ಮುಖ ನೋಡಿದರು. ಅಡುಗೆಮನೆಯಿಂದ ಕಾಫಿ ತರುತ್ತಿದ್ದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು. “ಡೆಂಟಿಸ್ಟ್ ಅಂತ ಬರೀಬಹುದಾ?” ಎಂದು ಆಕೆ ಮೆಲ್ಲಗೆ ಕೇಳಿದರು.

“ಓದಿದ್ದು ಅದೇ ತಾನೇ? ಇದರಿಂದ ತೆರಿಗೆ ಒಂದು ಡಾಲರೂ ಹೆಚ್ಚು ಕಮ್ಮಿ ಆಗಲ್ಲ” ಎಂದು ಹೇಳಿ, ಹಾಗೆಯೇ ಬರೆದೆ.